ಅರಿಶಿನದ ಕಣ್ಣು, ತಿಳಿನೀರಿನ ಮೂತ್ರ

ನಾನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುವ ರೋಗಿ ಯಾರು ಅಂತ ಆ ವರ್ಷ ಯಾರಾದರೂ ಕೇಳಿದ್ದರೆ, ಕಣ್ಣು ಮುಚ್ಚಿಕೊಂಡು ಹರಿಹರದ ಆ ಕುಶನ್ ಅಂಗಡಿಯವನ ಕಡೆ ಬೆರಳು ತೋರಿಸುತ್ತಿದ್ದೆ. ನಾನು ಕಿಡ್ನಿ ಡಾಕ್ಟರು. ಕೆಲಸ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ, ವಾರಕ್ಕೊಂದು ದಿನ ಹರಿಹರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೂರುತ್ತೇನೆ. ನನ್ನ ಬಾಯಿ ಜೋರು ಅಂತ ಎರಡೂ ಊರಲ್ಲಿ ಹೆಸರಿದೆ. ಉಪ್ಪು ಕಡಿಮೆ ಮಾಡ್ರಿ ಅಂದರೆ ಅನ್ನಕ್ಕೆ ಹಾಕೋದು ಬಿಟ್ಟು ಸಂಜೆ ಖಾರ ಮಂಡಕ್ಕಿ ಮಿರ್ಚಿ ತಿನ್ನುವವರು, ನೋವಿನ ಮಾತ್ರೆ ಮುಟ್ಟಬ್ಯಾಡ್ರಿ ಅಂದರೆ ಮೆಡಿಕಲ್ ಶಾಪಿಂದ ತಾವೇ ಕೇಳಿ ತಂದು ನುಂಗುವವರು, ಇಂಥವರ ನಡುವೆ ಬಾಯಿ ಜೋರಾಗದೆ ಇನ್ನೇನಾಗುತ್ತೆ? ಆದರೆ ಅವನ ಮೇಲೆ ದನಿ ಎತ್ತುವ ಪ್ರಸಂಗ ಒಂದು ಸಲವೂ ಬಂದಿರಲಿಲ್ಲ.

ಲಾರಿ, ಟೆಂಪೊಗಳ ಸೀಟಿಗೆ ರೆಕ್ಸಿನ್ ಹೊಲಿದು ಕುಶನ್ ಹಾಕುವುದು ಅವನ ಕಸುಬು. ವಯಸ್ಸು ಮೂವತ್ತು ದಾಟಿತ್ತು. ಮನೆಯಲ್ಲಿ ತಾಯಿ ಮತ್ತು ಒಬ್ಬಳು ತಂಗಿ. ತಂಗಿ ಪ್ರೈಮರಿ ಶಾಲೆಯಲ್ಲಿ ಟೀಚರು. ಅವಳ ನಿಖಾ ಆಗುವ ತನಕ ತನ್ನ ಮದುವೆಯ ಮಾತೇ ಬೇಡ ಅಂತ ಕೂತವನು ಅವನು. ತಂದೆ ವರ್ಷಗಟ್ಟಲೆ ಡಯಾಲಿಸಿಸ್ ಮೇಲೆ ನರಳಿ ತೀರಿಕೊಂಡಿದ್ದರು. ವಾರಕ್ಕೆರಡು ಸಲ ಅವರನ್ನು ಬಸ್ಸಿಗೆ ಹತ್ತಿಸಿ ಇಳಿಸಿ ಕರೆದೊಯ್ದವನು ಇವನೇ. ಆಮೇಲೆ ಇವನಿಗೇ ಬಿ.ಪಿ. ಏರಿ, ಯಾರೋ ಸ್ಕ್ಯಾನ್ ಮಾಡಿಸಿ ಅಂದಾಗ ಎರಡೂ ಕಿಡ್ನಿಯ ತುಂಬ ನೀರಿನ ಗುಳ್ಳೆಗಳು ಕಂಡವು. ಅಪ್ಪನಿಗೆ ಇದ್ದದ್ದೂ ಅದೇ.

ಇದು ರಕ್ತದಲ್ಲಿ ಬರುವ ಕಾಯಿಲೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೆ ಬರಬಹುದು, ಬರದೆಯೂ ಇರಬಹುದು. ನಾಣ್ಯ ಚಿಮ್ಮಿದ ಲೆಕ್ಕ. ಗುಳ್ಳೆ ದೊಡ್ಡದಾಗುತ್ತಾ ಹೋದಂತೆ ಮಧ್ಯದ ಒಳ್ಳೆಯ ಕಿಡ್ನಿ ನಜ್ಜುಗುಜ್ಜಾಗುತ್ತದೆ. ನಾನು ಕಲಿಯುವಾಗ ಇದಕ್ಕೆ ಔಷಧವೇ ಇರಲಿಲ್ಲ. ಬಿ.ಪಿ. ಹಿಡಿತದಲ್ಲಿಡು, ಕಾಯುತ್ತಾ ಕೂರು, ಅಷ್ಟೇ. ಈಗ ಟೋಲ್ವ್ಯಾಪ್ಟಾನ್ ಅನ್ನುವ ಮಾತ್ರೆ ಬಂದಿದೆ. ಗುಳ್ಳೆಯನ್ನು ಕರಗಿಸುವುದಿಲ್ಲ, ಬೆಳೆಯುವುದನ್ನು ನಿಧಾನ ಮಾಡುತ್ತದೆ. ಹೋದ ಕಿಡ್ನಿ ವಾಪಸ್ ಬರಲ್ಲ, ಇರುವುದು ಇನ್ನಷ್ಟು ವರ್ಷ ಉಳಿಯುತ್ತೆ. ಅದಕ್ಕೇ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೇದು ಅಂತ ನಾನು ಅವನಿಗೆ ಒತ್ತಿ ಒತ್ತಿ ಹೇಳಿದ್ದೆ.

ಆದರೆ ಅದು ಸುಮ್ಮನೆ ನುಂಗಿ ಮರೆಯುವ ಮಾತ್ರೆ ಅಲ್ಲ. ಕಿಡ್ನಿ ನೀರು ಹಿಡಿದಿಟ್ಟುಕೊಳ್ಳುವುದನ್ನೇ ಅದು ತಡೆದುಬಿಡುತ್ತದೆ. ನುಂಗಿದವರಿಗೆ ಬಿಂದಿಗೆಗಟ್ಟಲೆ ಮೂತ್ರ, ಅದರ ಹಿಂದೆಯೇ ಬಾಯಾರಿಕೆ. ಹೋದಷ್ಟೂ ನೀರು ಕುಡಿಯುತ್ತಲೇ ಇರಬೇಕು. ವಾಂತಿಯಾಗಿಯೋ ಭೇದಿಯಾಗಿಯೋ ನೀರು ಇಳಿಯದಿದ್ದರೆ ಆ ದಿನ ಮಾತ್ರೆ ನಿಲ್ಲಿಸಲೇಬೇಕು, ಇಲ್ಲದಿದ್ದರೆ ರಕ್ತದ ಸೋಡಿಯಂ ಏರಿ ಜೀವಕ್ಕೇ ಕುತ್ತು. ಅದಕ್ಕಿಂತ ದೊಡ್ಡ ಭಯ ಲಿವರಿನದು. ಎಲ್ಲೋ ಕೆಲವರಿಗೆ ಈ ಮಾತ್ರೆ ಒಳಗಿಂದೊಳಗೇ ಲಿವರನ್ನು ಕೆಡಿಸುತ್ತದೆ. ಯಾರಿಗೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಹಾಗಾಗಿ ಮೊದಲ ಒಂದೂವರೆ ವರ್ಷ ಪ್ರತಿ ತಿಂಗಳೂ ರಕ್ತ ತೆಗೆದು ಲಿವರ್ ಪರೀಕ್ಷೆ ಮಾಡಲೇಬೇಕು. ಸ್ವಲ್ಪ ಏರುಪೇರಾದರೂ ಮಾತ್ರೆ ಬಂದ್.

ಇಷ್ಟನ್ನೂ ಅವನು ತಲೆ ಬಗ್ಗಿಸಿ ಕೇಳಿದ. ಪ್ರಶ್ನೆಗಳನ್ನೂ ಕೇಳಿದ. ರಂಜಾನ್ ತಿಂಗಳ ರೋಜಾ ಇದ್ದಾಗ ಹೆಂಗೆ ಅಂದ. ನೀರಿಲ್ಲದ ದಿನ ಮಾತ್ರೆಯೂ ಇಲ್ಲ, ಹಬ್ಬ ಮುಗಿದ ಮೇಲೆ ನೋಡೋಣ ಅಂದೆ. ಇಷ್ಟು ನೀರು ಕುಡಿಯೋಕಾಗುತ್ತಾ ಅಂತ ನಾನು ಕೇಳಿದರೆ, ಹರಿಹರದಲ್ಲಿ ಹೊಳೆನೇ ಐತಲ್ರಿ ಮೇಡಂ, ನೀರಿಗೇನು ಬರ ಅಂತ ನಕ್ಕ. ಬೆಳಿಗ್ಗೆ ಎದ್ದ ಕೂಡಲೇ ನಲವತ್ತೈದು ಮಿಲಿಗ್ರಾಂ, ಎಂಟು ತಾಸು ಬಿಟ್ಟು ಹದಿನೈದು, ಹೀಗೆ ಬರೆದುಕೊಟ್ಟೆ.

ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಹೇಳಿದ ವಾರಕ್ಕೆ ಸರಿಯಾಗಿ ಬಂದು ತೋಳು ಚಾಚುತ್ತಿದ್ದ. ಒಂದು ಸಲ ಅಂಗಡಿಯಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದರೂ ಬಿಟ್ಟು ಬಂದ. ಬಾಯಾರಿಕೆ ಹೇಗಿದೆ ಅಂದರೆ, ಐತ್ರಿ, ತಡಕೊಳ್ಳೋವಷ್ಟು ಅನ್ನುತ್ತಿದ್ದ. ರಾತ್ರಿ ಎಷ್ಟು ಸಲ ಏಳ್ತೀಯ ಅಂದರೆ ಮೂರ್ನಾಲ್ಕು ಸಲ. ಊಟ ಸೇರುತ್ತಾ? ಸೇರುತ್ತೆ. ಲಿವರ್ ರಿಪೋರ್ಟು ಬಂಗಾರದಂಥದ್ದು. ಸೋಡಿಯಂ ಇದ್ದಲ್ಲೇ ಇತ್ತು. ಇಷ್ಟು ಚೆನ್ನಾಗಿ ತಡೆದುಕೊಳ್ಳುತ್ತಾನಲ್ಲ ಅಂತ ನಿಯಮದ ಪ್ರಕಾರ ಮಾತ್ರೆಯ ಪ್ರಮಾಣ ಏರಿಸಿದೆ. ಬೆಳಿಗ್ಗೆ ಅರವತ್ತು, ಮಧ್ಯಾಹ್ನ ಮೂವತ್ತು. ಅದಕ್ಕೂ ತಲೆಯಾಡಿಸಿದ. ದಾವಣಗೆರೆಯಲ್ಲಿ ನನ್ನ ಕಿರಿಯ ಡಾಕ್ಟರುಗಳಿಗೆ ಅವನ ಉದಾಹರಣೆ ಕೊಟ್ಟು ಪಾಠ ಮಾಡಿದ್ದೂ ಉಂಟು.

ಅವನು ಕೇಳದೆ ಇದ್ದದ್ದು ಒಂದೇ ಮಾತು. ತಂಗಿಯನ್ನು ಕರೆದುಕೊಂಡು ಬಾ, ಒಂದು ಸ್ಕ್ಯಾನ್ ಮಾಡಿಸೋಣ ಅಂತ ಪ್ರತಿ ಸಲವೂ ಬಡಕೊಳ್ಳುತ್ತಿದ್ದೆ. ಪ್ರತಿ ಸಲವೂ, ಮದುವೆ ಒಂದು ಆಗ್ಲಿ ಮೇಡಂ ಅನ್ನುತ್ತಿದ್ದ. ದಾವಣಗೆರೆಯ ಆನೆಕೊಂಡದಲ್ಲಿ ಹುಡುಗ ಗೊತ್ತಾಗಿದ್ದ, ಮಾತುಕತೆ ಮುಗಿದು ಉಂಗುರವೂ ಬಿದ್ದಿತ್ತು. ಸುದ್ದಿ ಮುಟ್ಟಿಸಲು ಹುಡುಗನ ಕಡೆಯವರು ಇಲ್ಲದ ಸ್ಕ್ಯಾನಿಂಗ್ ಸೆಂಟರೇ ಎರಡೂ ಊರಲ್ಲಿ ಇಲ್ಲ ಅನ್ನುವ ಹಾಗೆ ಮಾತಾಡುತ್ತಿದ್ದ. ಒಮ್ಮೆ ಅವನ ಜೊತೆ ಬಂದಿದ್ದ ತಾಯಿ ಬೇರೆಯೇ ಒಂದು ಮಾತು ಹೇಳಿದರು. ಮಗಳು ಅವರಪ್ಪನ ಪಡಿಯಚ್ಚಂತೆ, ಹಣೆ, ಹುಬ್ಬು, ನಗು ಎಲ್ಲ. ಅಪ್ಪನ ಮುಖ ಬಂದ ಮೇಲೆ ಅಪ್ಪನ ಕಾಯಿಲೆ ಬರದೆ ಇರುತ್ತಾ, ನೋಡೋದೇನೈತೆ ಅಂದರು. ಮುಖಕ್ಕೂ ಕಿಡ್ನಿಗೂ ಎತ್ತಣಿಂದೆತ್ತ ಸಂಬಂಧ ಅಂತ ನಾನು ರೇಗಿದೆ. ಮಗ ನೆಲ ನೋಡುತ್ತಾ ಕೂತಿದ್ದ.

ಪ್ರಮಾಣ ಏರಿಸಿ ಕೆಲವು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುತ್ತಾ ಇದ್ದೆ. ನಮ್ಮ ನರ್ಸು ಒಳಗೆ ಬಂದು, ನಿಮ್ಮ ಹರಿಹರದವನು ಆಗಲೇ ಬಂದು ಹೊರಗೆ ಬೆಂಚಿನ ಮೇಲೆ ಕೂತಿದಾನೆ, ಟೋಕನ್ ತಗೊಂಡಿಲ್ಲ, ಕೇಳಿದರೆ ಮಾತೂ ಆಡಲ್ಲ ಅಂದಳು. ಕೂತಿರಲಿ, ಸರದಿ ಬಂದಾಗ ನೋಡೋಣ ಅಂದೆ. ಅಷ್ಟರಲ್ಲಿ ಮೇಲಿನ ವಾರ್ಡಿನಿಂದ ನಮ್ಮ ಫಿಸಿಶಿಯನ್ ಫೋನು. ಬೆಳಿಗ್ಗೆ ಒಬ್ಬಳು ಹುಡುಗಿ ಜಾಂಡೀಸ್ ಅಂತ ಅಡ್ಮಿಟ್ ಆಗಿದಾಳೆ, ಲಿವರ್ ಕಿಣ್ವಗಳು ಇರಬೇಕಾದ್ದಕ್ಕಿಂತ ಇಪ್ಪತ್ತು ಪಟ್ಟು ಏರಿವೆ, ಹೆಪಟೈಟಿಸ್ ವೈರಸ್ ಯಾವುದೂ ಸಿಕ್ಕಿಲ್ಲ. ಅದು ಬಿಡಿ, ನಿಮ್ಮನ್ನು ಕರೆದದ್ದು ಬೇರೆ ಕಾರಣಕ್ಕೆ ಅಂದರು. ಅವಳಿಗೆ ವಾಂತಿ, ಬಾಯೆಲ್ಲ ಒಣಗಿದೆ, ಸೋಡಿಯಂ ಜಾಸ್ತಿ. ಆದರೂ ಮೂತ್ರ ನಿಲ್ತಾನೇ ಇಲ್ಲ, ಚೀಲ ಹಾಕಿದಷ್ಟೂ ತುಂಬ್ತಾ ಇದೆ, ಅದೂ ನೀರಿನ ಹಾಗೆ.

ನನಗೆ ವಿಚಿತ್ರ ಅನ್ನಿಸಿತು. ಕಾಮಾಲೆ ಆದವರ ಮೂತ್ರ ಕಡು ಬಣ್ಣಕ್ಕೆ ತಿರುಗಿರುತ್ತೆ, ಹಳ್ಳಿಯ ಅಜ್ಜಿಯರಿಗೂ ಅದು ಗೊತ್ತು. ಮೈಯಲ್ಲಿ ನೀರು ಕಡಿಮೆಯಾದಾಗಲಂತೂ ಕಿಡ್ನಿ ಒಂದು ಹನಿಯನ್ನೂ ಬಿಡದೆ ಹಿಡಿದಿಟ್ಟುಕೊಳ್ಳುತ್ತೆ. ಇಲ್ಲಿ ಎರಡೂ ಉಲ್ಟಾ. ಮಿದುಳಿನ ತೊಂದರೆಯಿಂದ ಹಾಗಾಗುವುದುಂಟು, ಅದನ್ನೇ ಯೋಚಿಸುತ್ತಾ ರೂಮಿನಿಂದ ಹೊರಗೆ ಬಂದೆ. ಅವನು ಬೆಂಚಿನಿಂದ ಎದ್ದು ನಿಂತ. ಇವತ್ತು ನಿನ್ನ ದಿನ ಅಲ್ವಲ್ಲಪ್ಪ, ಹರಿಹರಕ್ಕೇ ಬಾ ಅಂದು ಮೆಟ್ಟಿಲು ಹತ್ತಿದೆ. ಹಿಂದೆಯೇ ಅವನ ಚಪ್ಪಲಿಯ ಸದ್ದು ಬರುತ್ತಲೇ ಇತ್ತು. ಏನು ಮನುಷ್ಯ ಇವನು, ಹೇಳಿದ್ದು ಕೇಳಿಸಲ್ವಾ ಅಂತ ಸಿಟ್ಟೂ ಬಂತು.

ವಾರ್ಡಿನಲ್ಲಿ ಆ ಹಾಸಿಗೆಯ ಸುತ್ತ ನೋಡಲು ಬಂದ ಹೆಂಗಸರ ಗುಂಪು. ಹುಡುಗಿ ಕಣ್ಣು ತೆರೆದಳು, ಅರಿಶಿನ ಅರೆದು ಹಚ್ಚಿದಂಥ ಕಣ್ಣು. ತುಟಿ ಬಿರಿದಿತ್ತು. ಮಂಚದ ಕೆಳಗೆ ತೂಗುಹಾಕಿದ ಮೂತ್ರದ ಚೀಲ ಎತ್ತಿ ಬೆಳಕಿಗೆ ಹಿಡಿದೆ. ಆಚೆ ಕಡೆಯ ಕಿಟಕಿ ಕಾಣಿಸುವಷ್ಟು ತಿಳಿ. ಇಂಥ ಮೂತ್ರ ನಾನು ನೋಡಿದ್ದೇನೆ, ನನ್ನದೇ ಕೆಲವು ರೋಗಿಗಳಲ್ಲಿ ನೋಡಿದ್ದೇನೆ ಅಂತ ಅನ್ನಿಸಿತೇ ಹೊರತು ತಲೆ ಮುಂದಕ್ಕೆ ಓಡಲಿಲ್ಲ. ಏನಾದರೂ ಮಾತ್ರೆ ತಗೋತಿದ್ದಾಳಾ ಅಂತ ಕೇಳಿದೆ. ಹಾಸಿಗೆ ತುದಿಯಲ್ಲಿ ಕೂತಿದ್ದ ಹೆಂಗಸು ಇಲ್ಲ ಅಂತ ತಲೆಯಾಡಿಸಿದಳು. ಆ ಮುಖ ನನಗೆ ಗೊತ್ತಿತ್ತು. ನನ್ನ ಕುಶನ್ ಅಂಗಡಿಯವನ ತಾಯಿ. ತಿರುಗಿ ನೋಡಿದೆ. ಅವನು ವಾರ್ಡಿನ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ.

ಅವನ ರಟ್ಟೆ ಹಿಡಿದು ನರ್ಸುಗಳ ಕೋಣೆಗೆ ಎಳೆದುಕೊಂಡು ಹೋದೆ. ಬಾಗಿಲು ಹಾಕಿದೆ.

"ನಿನ್ನ ತಂಗಿ ಏನು ನುಂಗಿದಾಳೆ?"

ಅವನು ಅಂಗಿಯ ಜೇಬಿನಿಂದ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟ. ನಾನೇ ಬರೆದುಕೊಟ್ಟದ್ದು.

"ಇದೇರಿ ಮೇಡಂ. ಇವತ್ತು ಬೆಳಿಗ್ಗೆ ತನಕ."

"ನಿನ್ನದನ್ನು ಅವಳಿಗೂ ಕೊಡ್ತಿದ್ಯಾ?"

"ಅವಳಿಗೂ ಅಲ್ರಿ. ಅವಳಿಗೇ. ಮೊದಲ್ನೇ ದಿನದಿಂದ್ಲೂ. ನಾನು ಒಂದೂ ನುಂಗಿಲ್ಲ."

ಇಪ್ಪತ್ತು ವರ್ಷದ ಮೇಲಾಯಿತು ಈ ಕಸುಬಿಗೆ ಬಂದು. ಸಾವು ನೋಡಿದ್ದೇನೆ, ಮೋಸ ನೋಡಿದ್ದೇನೆ, ನನ್ನ ಮುಂದೆ ನಕ್ಕು ಹಿಂದೆ ಮಾತ್ರೆ ಚೆಲ್ಲಿದವರನ್ನೂ ನೋಡಿದ್ದೇನೆ. ಆದರೆ ಇಂಥದ್ದನ್ನು ನೋಡಿರಲಿಲ್ಲ. ತಿಂಗಳು ತಿಂಗಳೂ ನಾವು ಲಿವರ್ ಪರೀಕ್ಷೆಗೆ ರಕ್ತ ತೆಗೆದದ್ದು ಮಾತ್ರೆ ಮುಟ್ಟದವನ ತೋಳಿನಿಂದ. ಬಂಗಾರದಂಥ ರಿಪೋರ್ಟು ಅಂತ ನಾನು ಬೀಗುತ್ತಿದ್ದಾಗ, ಪರೀಕ್ಷೆಯೇ ಇಲ್ಲದೆ ಇನ್ನೊಬ್ಬಳ ಲಿವರು ಬೇಯುತ್ತಿತ್ತು. ನನ್ನ ಪ್ರಶ್ನೆಗಳಿಗೆ ಅವನು ಹೇಳುತ್ತಿದ್ದ ಉತ್ತರಗಳೆಲ್ಲ ಅವಳವು. ಕ್ಲಿನಿಕ್ಕಿಗೆ ಬರುವ ಹಿಂದಿನ ದಿನ ಅವಳನ್ನು ಕೂರಿಸಿಕೊಂಡು ಕೇಳಿ ತಿಳಿದುಕೊಂಡು ಬರುತ್ತಿದ್ದನಂತೆ. ಪ್ರಮಾಣ ಏರಿಸಿದೆನಲ್ಲ, ಅದು ಏರಿದ್ದು ನಾನು ಕಣ್ಣಲ್ಲಿ ನೋಡದ, ತೂಕ ತಿಳಿಯದ ಆ ಹುಡುಗಿಗೆ.

ಯಾಕೆ ಹೀಗೆ ಮಾಡಿದೆ ಅಂತ ಕೇಳಿದೆ. ಅವನು ಸಮಾಧಾನವಾಗಿಯೇ ಹೇಳಿದ. ಹೋದದ್ದು ವಾಪಸ್ ಬರಲ್ಲ, ಬೇಗ ಶುರು ಮಾಡಿದಷ್ಟೂ ಒಳ್ಳೇದು ಅಂದವರು ನೀವೇ ಅಲ್ಲವಾ ಅಂದ. ತನ್ನದು ಹೆಂಗಿದ್ದರೂ ಹಾಳಾಗಿದೆ, ಅವಳದು ಈಗ ತಾನೇ ಶುರು, ಆದ್ದರಿಂದ ಮಾತ್ರೆ ಯಾರಿಗೆ ಸಲ್ಲಬೇಕು ಅಂತ ಲೆಕ್ಕ ಹಾಕಿದ್ದ. ಸ್ಕ್ಯಾನ್ ಮಾಡಿಸಿದರೆ ಸಂಬಂಧ ಮುರಿಯುತ್ತೆ, ಮಾಡಿಸದಿದ್ದರೆ ಮಾತ್ರೆ ಸಿಗಲ್ಲ. ಅದಕ್ಕೆ ತನ್ನ ಹೆಸರಲ್ಲಿ ತಗೊಂಡ. ತಂಗಿ ಮೊದಲು ಒಲ್ಲೆ ಅಂದಳಂತೆ, ನೀನು ನುಂಗಲಿಲ್ಲ ಅಂದರೆ ನನಗೂ ಬ್ಯಾಡ, ಎಲ್ಲ ಹೊಳೆಗೆ ಹಾಕ್ತೀನಿ ಅಂದಮೇಲೆ ಒಪ್ಪಿಕೊಂಡಳು. ಇವತ್ತು ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಬೆಳಕಿನಲ್ಲಿ ಅವಳ ಕಣ್ಣು ನೋಡಿದವನೇ ಕಾರು ಮಾಡಿಕೊಂಡು ನೇರ ನಮ್ಮ ಆಸ್ಪತ್ರೆಗೇ ತಂದಿದ್ದ. ಫಿಸಿಶಿಯನ್ ಮಾತ್ರೆ ಏನಾದರೂ ಅಂತ ಕೇಳಿದಾಗ ಸುದ್ದಿ ತಿಳಿದು ಬಂದ, ಮದುವೆ ಗೊತ್ತಾದ ಹುಡುಗನ ತಾಯಿ ಪಕ್ಕದಲ್ಲೇ ಕೂತಿದ್ದರು, ಎಲ್ಲರೂ ಇಲ್ಲ ಅಂದರು. ಇವನು ಅಲ್ಲಿ ಬಾಯಿ ಬಾರದೆ ನನ್ನ ಕೋಣೆಯ ಹೊರಗೆ ಬಂದು ಕೂತಿದ್ದ. ಅಲ್ಲೂ ಬಾಯಿ ಬಂದಿರಲಿಲ್ಲ.

ಬೈಯಲು ಹೊತ್ತಿರಲಿಲ್ಲ. ಸಕ್ಕರೆ ನೀರಿನ ಡ್ರಿಪ್ ಹಾಕಿಸಿ ಸೋಡಿಯಂ ಇಳಿಸಲು ಶುರು ಮಾಡಿದೆವು. ಅದನ್ನೂ ಅವಸರದಲ್ಲಿ ಇಳಿಸುವ ಹಾಗಿಲ್ಲ, ಮಿದುಳು ಊದಿಕೊಳ್ಳುತ್ತೆ. ತಾಸಿಗೆ ಎಷ್ಟು ಮೂತ್ರ ಹೋಯಿತೋ ಅಷ್ಟು ನೀರು ಒಳಗೆ ಹೋಗಬೇಕು, ಕೆಲವು ತಾಸಿಗೊಮ್ಮೆ ರಕ್ತ. ಲಿವರ್ ಡಾಕ್ಟರನ್ನು ಕರೆಸಿದೆ. ಅವರು ನೋಡಿ ಲಿವರ್ ಕಾಯಲು ಇನ್ನೊಂದು ಡ್ರಿಪ್ ಬರೆದರು. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಆಗಲೇ ಹದಗೆಟ್ಟಿತ್ತು. ಅದು ಇನ್ನೂ ಕೆಟ್ಟರೆ, ಅಥವಾ ಹುಡುಗಿ ಮಂಪರಿಗೆ ಹೋದರೆ, ಲಿವರ್ ಬದಲಿಸುವುದೊಂದೇ ದಾರಿ, ಬೆಂಗಳೂರಿಗೆ ಆಂಬುಲೆನ್ಸ್ ಹೇಳಿಡಿ ಅಂದರು. ಬಾಗಿಲಲ್ಲಿ ಕೇಳಿಸಿಕೊಂಡ ಅವನು ಒಳಗೆ ಬಂದು ನನ್ನ ಲಿವರ್ ತಗೊಳ್ರಿ ಅಂದ. ನಿನ್ನ ಕಾಯಿಲೆ ಇಟ್ಟುಕೊಂಡು ನಿನ್ನ ಮೈಯಿಂದ ಯಾರಿಗೂ ಏನೂ ಕೊಡೋಕೆ ಬರಲ್ಲ, ಹೊರಗೆ ಕೂತ್ಕೋ ಅಂದೆ. ಇಷ್ಟು ಒರಟಾಗಿ ಹೇಳಬಾರದಿತ್ತು. ಆದರೆ ನನಗೆ ಆಗ ಅವನ ಮುಖ ನೋಡಲೂ ಆಗುತ್ತಿರಲಿಲ್ಲ.

ಆಮೇಲೆ ಫೈಲು ತಿರುವಿದೆ. ಕಾಮಾಲೆ ಅಂತ ಬಂದ ಕೂಡಲೇ ಎಲ್ಲರಿಗೂ ಮಾಡಿಸುವ ಹೊಟ್ಟೆಯ ಸ್ಕ್ಯಾನ್ ಅವಳಿಗೂ ಆಗಿತ್ತು. ಲಿವರಿನ ಬಗ್ಗೆ ಉದ್ದಕ್ಕೆ ಬರೆದಿದ್ದರು. ಕೆಳಗೆ ಒಂದೇ ಸಾಲು: ಎರಡೂ ಕಿಡ್ನಿ ಸಹಜ.

ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಫೈಲು ಹಿಡಿದುಕೊಂಡು ಸ್ಕ್ಯಾನಿಂಗಿಗೆ ಹೋಗಿ, ಚಿತ್ರಗಳನ್ನು ಮತ್ತೆ ತೆಗೆಸಿ ನೋಡಿದೆ. ಒಂದು ಗುಳ್ಳೆ ಇಲ್ಲ. ಎಡಕ್ಕಿಲ್ಲ, ಬಲಕ್ಕಿಲ್ಲ. ಈ ವಯಸ್ಸಿಗೆ ಬರೀ ಅಲ್ಟ್ರಾಸೌಂಡ್ ನಂಬಿಕೊಂಡು ಕಾಯಿಲೆ ಇಲ್ಲವೇ ಇಲ್ಲ ಅಂತ ಹೇಳುವ ಹಾಗಿಲ್ಲ, ಸಣ್ಣವು ತಪ್ಪಿಹೋಗಬಹುದು, ಎಂಆರ್‌ಐ ಬೇಕು. ಆದರೆ ಅವಳನ್ನು ಆಗ ಅಲ್ಲಿಗೆ ಸಾಗಿಸುವ ಸ್ಥಿತಿ ಇರಲಿಲ್ಲ. ಹೊರಗೆ ಬಂದರೆ ತಾಯಿ ನನ್ನ ಕೈಯಲ್ಲಿದ್ದ ಫೈಲು ನೋಡುತ್ತಾ, ಕಿಡ್ನಿ ಎಷ್ಟು ಹೋಗೈತೆ ಮೇಡಂ ಅಂತ ಕೇಳಿದರು. ಈಗ ಲಿವರ್ ನೋಡೋಣಮ್ಮ ಅಂದುಬಿಟ್ಟೆ. ಖಾತ್ರಿಯಾಗದೆ ಆ ಮಾತು ನನ್ನ ಬಾಯಿಂದ ಹೊರಡುವ ಹಾಗಿರಲಿಲ್ಲ. ಹುಡುಗಿ ಉಳಿಯದಿದ್ದರೆ ಆ ಮಾತನ್ನು ಹೇಳುವುದಾದರೂ ಹೇಗೆ?

ಮುಂದಿನ ಕೆಲವು ದಿನ ಆಂಬುಲೆನ್ಸ್ ಹೇಳಿಟ್ಟೇ ಇದ್ದೆವು. ನಾನು ದೇವರಾಜ ಅರಸು ಬಡಾವಣೆಯ ಮನೆಗೆ ಹೋಗಿ ತುತ್ತು ಉಂಡು ಮತ್ತೆ ಬರುವುದು, ಬಂದವಳೇ ಅವಳನ್ನು ಮಾತಾಡಿಸುವುದು. ಮಂಪರು ಬಂದಿದೆಯಾ ಅಂತ ತಿಳಿಯಲು ನಾವು ಸುಲಭದ ಲೆಕ್ಕ ಕೇಳುತ್ತೇವೆ. ನೂರರಿಂದ ಏಳೇಳು ಕಳೆಯುತ್ತಾ ಹೋಗು ಅಂದರೆ, ಟೀಚರಲ್ಲವಾ, ಕಣ್ಣು ಮುಚ್ಚಿಕೊಂಡೇ ಸರಸರ ಹೇಳುತ್ತಿದ್ದಳು. ಒಂದು ದಿನ ಮಧ್ಯದಲ್ಲಿ ತಡವರಿಸಿದಳು. ಬೆಂಗಳೂರಿಗೆ ಫೋನು ಮಾಡಲು ಕೈ ಹಾಕಿದ್ದೆ. ತಾನೇ ಸರಿಪಡಿಸಿಕೊಂಡು ಮುಂದಕ್ಕೆ ಹೋದಳು. ಮೂತ್ರ ಎರಡನೇ ದಿನಕ್ಕೇ ಬಣ್ಣಕ್ಕೆ ತಿರುಗಿತು, ಸೋಡಿಯಂ ಇಳಿಯಿತು. ಕಾಮಾಲೆ ಮಾತ್ರ ಏರುತ್ತಲೇ ಇತ್ತು. ಹೆಪ್ಪುಗಟ್ಟುವ ಪರೀಕ್ಷೆ ಒಂದು ಕಡೆ ನಿಂತಿತು, ಮಾರನೇ ದಿನವೂ ಅಲ್ಲೇ, ಅದರ ಮಾರನೇ ದಿನ ಕೂದಲೆಳೆಯಷ್ಟು ಸುಧಾರಿಸಿತು. ಲಿವರ್ ಡಾಕ್ಟರು ಆಂಬುಲೆನ್ಸ್ ಬೇಡ ಅಂದಾಗ ನಾನು ವಾರ್ಡಿನಲ್ಲೇ ಕುರ್ಚಿ ಎಳೆದು ಕೂತುಬಿಟ್ಟೆ.

ಈ ನಡುವೆ ಅವನು ಒಂದು ಕೆಲಸ ಮಾಡಿದ್ದ. ಹುಡುಗನ ತಾಯಿಯನ್ನು ಕಾರಿಡಾರಿನಲ್ಲಿ ನಿಲ್ಲಿಸಿಕೊಂಡು ಅಪ್ಪನ ಕಾಯಿಲೆಯಿಂದ ಹಿಡಿದು ಮಾತ್ರೆಯ ತನಕ ಎಲ್ಲವನ್ನೂ ಹೇಳಿಬಿಟ್ಟಿದ್ದ. ಆಕೆ ಕೇಳಿ, ನಿಮ್ಮಪ್ಪ ಹೆಂಗೆ ಹೋದ್ರು ಅಂತ ಊರಿಗೆಲ್ಲ ಗೊತ್ತೈತೆ, ನಮಗೆ ಗೊತ್ತಿಲ್ದೆ ಹೆಣ್ಣು ಕೇಳೋಕೆ ಬಂದ್ವಾ ಅಂದರಂತೆ. ನಮ್ಮನ್ನ ಒಂದು ಮಾತು ಕೇಳಿದ್ರೆ ನಾವೇ ಸ್ಕ್ಯಾನಿಗೆ ಕರ್ಕೊಂಡು ಹೋಗ್ತಿದ್ವಲ್ಲ ಅಂದರಂತೆ. ಆಕೆ ಆ ಮೇಲೂ ದಿನಾ ಆನೆಕೊಂಡದಿಂದ ಗಂಜಿ ಮಾಡಿಕೊಂಡು ಬರುತ್ತಿದ್ದರು. ಯಾರಿಗೆ ಹೆದರಿ ಇಷ್ಟೆಲ್ಲ ಮುಚ್ಚಿಟ್ಟರೋ ಆಕೆ ಎಲ್ಲ ಗೊತ್ತಿದ್ದೇ ಉಂಗುರ ತೊಡಿಸಿದ್ದರು.

ಹುಡುಗಿ ಎದ್ದು ಓಡಾಡುವ ಹಾಗಾದ ಮೇಲೆ ಎಂಆರ್‌ಐ ಮಾಡಿಸಿದೆ. ಇಬ್ಬರು ರೇಡಿಯಾಲಜಿ ಡಾಕ್ಟರುಗಳು ಬೇರೆ ಬೇರೆಯಾಗಿ ನೋಡಿದರು. ಏನೂ ಇಲ್ಲ. ಅವಳಿಗೆ ಆ ಕಾಯಿಲೆ ಬಂದೇ ಇಲ್ಲ. ಅವನನ್ನು ನನ್ನ ಕೋಣೆಗೆ ಕರೆದು ಕೂರಿಸಿ, ಸುತ್ತುಬಳಸದೆ ಹೇಳಿದೆ. ಅವನು ಮೊದಲು ನಕ್ಕ. ಖುಷಿಯಿಂದ ಬಾಯ್ತುಂಬ ನಕ್ಕು, ಖುದಾ ದೊಡ್ಡೋನು ಅಂದ. ಆಮೇಲೆ ಆ ನಗು ಮುಖದ ಮೇಲೆ ಹಾಗೇ ನಿಂತುಬಿಟ್ಟಿತು. ಅವನಿಗೆ ಅರ್ಥವಾಗುತ್ತಾ ಹೋದದ್ದು ನನಗೆ ಕಾಣಿಸುತ್ತಿತ್ತು.

"ಅಂದ್ರೆ ಅವಳಿಗಿದ್ದ ಕಾಯಿಲೆ ನಾನೇನಾ ಮೇಡಂ?"

ಇಲ್ಲ ಅಂತ ಹೇಳಬಹುದಿತ್ತು. ನನಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ. ಅವನು ಮೇಜಿನ ಅಂಚಿಗೆ ಹಣೆ ಇಟ್ಟುಕೊಂಡ.

ಅವನದೂ ಎಂಆರ್‌ಐ ತೆಗೆಸಿದೆ. ಚಿಕಿತ್ಸೆ ಶುರು ಮಾಡುವ ಮೊದಲು ತೆಗೆಸಿದ್ದರ ಪಕ್ಕ ಇಟ್ಟು ನೋಡಿದರೆ ಎರಡೂ ಕಿಡ್ನಿ ಇನ್ನೂ ದಪ್ಪವಾಗಿದ್ದವು, ಕೆಲಸ ಇನ್ನೂ ಇಳಿದಿತ್ತು. ಔಷಧವೇ ಇಲ್ಲದೆ ಕಳೆದ ತಿಂಗಳುಗಳಲ್ಲವಾ, ಇನ್ನೇನಾಗುತ್ತೆ? ಈಗ ಶುರು ಮಾಡದಿದ್ದರೆ ಅಪ್ಪ ಹತ್ತಿದ ಬಸ್ಸನ್ನೇ ಇವನೂ ಹತ್ತಬೇಕು. ಆದರೆ ಆಸ್ಪತ್ರೆಯಲ್ಲಿ ಎಲ್ಲರೂ ಒಂದೇ ಮಾತು, ಆ ಮನೆಗೆ ಆ ಮಾತ್ರೆ ಮತ್ತೆ ಬರೀಬೇಡಿ. ನನಗೂ ಹಾಗೇ ಅನ್ನಿಸುತ್ತಿತ್ತು. ಒಡಹುಟ್ಟಿದವಳಿಗೆ ಆಗದ್ದು ಇವನ ಲಿವರಿಗೂ ಆಗದೇ ಇದ್ದರೆ? ಅದಕ್ಕೆ ಖಚಿತ ಉತ್ತರ ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ. ಅವನಂತೂ ಒಲ್ಲೆ ಅಂದುಬಿಟ್ಟ. ತಂಗಿಯನ್ನು ಸಾಯಿಸೋಕೆ ಹೋದ ಮಾತ್ರೆ ನನಗೆ ಬ್ಯಾಡ, ಡಯಾಲಿಸಿಸ್ ಬಂದಾಗ ಬರ್ಲಿ ಅಂದ.

ತಂಗಿ ಬಿಡುಗಡೆಯಾಗಿ, ಮೊದಲ ಸಲ ತೋರಿಸಿಕೊಳ್ಳಲು ಹರಿಹರದ ಕ್ಲಿನಿಕ್ಕಿಗೆ ಬಂದಳು. ಕಣ್ಣಲ್ಲಿ ಹಳದಿ ಇನ್ನೂ ಸ್ವಲ್ಪ ಉಳಿದಿತ್ತು. ಅಣ್ಣ ಹೊರಗೆ ಕೂತಿದ್ದ. ನಾನು ಅವಳ ರಿಪೋರ್ಟು ನೋಡುತ್ತಿದ್ದೆ, ಅವಳು ಕೇಳಿದಳು.

"ನನಗೆ ಆಗಲಿಲ್ಲ ಅಂತ ಭಾಯಿಗೂ ಆಗಲ್ಲ ಅಂತ ಐತಾ ಮೇಡಂ?"

"ಇಲ್ಲ. ಆಗುತ್ತೆ ಅಂತಲೂ ಇಲ್ಲ."

"ಹಂಗಾದ್ರೆ ಕೊಟ್ಟು ನೋಡ್ರಿ. ನಾನು ಸುಮ್ಮನೆ ಇಷ್ಟು ತಿಂದೆ ಅಂತ ಆಗಬಾರದು."

ಅಪಾಯ ಇದೆ, ಆದರೆ ಈ ಸಲ ರಕ್ತ ಸರಿಯಾದ ತೋಳಿನಿಂದ ಬರುತ್ತೆ. ಅವನನ್ನು ಒಳಗೆ ಕರೆದೆ. ತಿಂಗಳಿಗೊಮ್ಮೆ ಅಲ್ಲ, ಮೊದಲು ಎರಡು ವಾರಕ್ಕೊಮ್ಮೆ ಲಿವರ್ ಪರೀಕ್ಷೆ. ಕೂದಲೆಳೆ ಏರಿದರೂ ನಿಲ್ಲಿಸುವುದು. ಅವನ ಮೈಗೆ ಈ ಮಾತ್ರೆಯ ಪರಿಚಯವೇ ಇಲ್ಲದ್ದರಿಂದ ಮತ್ತೆ ನಲವತ್ತೈದು, ಹದಿನೈದರಿಂದಲೇ ಶುರು. ನುಂಗುವಾಗ ತಂಗಿ ಎದುರಿಗಿರಬೇಕು. ಅವನು ತಲೆಯಾಡಿಸಲಿಲ್ಲ. ಅವಳು, ಆಯ್ತು ಅನ್ನು ಭಾಯಿ ಅಂದಳು. ಆಯ್ತು ಅಂದ.

ಮಾತ್ರೆ ಶುರುವಾದ ದಿನ ಮಧ್ಯಾಹ್ನ ನಾನು ದಾವಣಗೆರೆಯಲ್ಲಿ ಊಟಕ್ಕೆ ಕೂತಿದ್ದೆ, ಅವನ ಫೋನು ಬಂತು. ಹಿಂದೆ ಗಾಡಿಗಳ ಸದ್ದು, ಅಂಗಡಿಯಿಂದಲೇ ಮಾಡಿದ್ದ. ಏನಾಯ್ತಪ್ಪ ಅಂತ ಗಾಬರಿಯಾದೆ. ವಾಂತಿಯಾ? ಇಲ್ಲ. ಹೊಟ್ಟೆನೋವಾ? ಇಲ್ಲ. ಹೊಲಿಗೆ ಮೆಷಿನ್ ಮುಂದೆ ಕಾಲು ಗಂಟೆ ಕೂರೋಕಾಗ್ತಿಲ್ಲ, ಓಡ್ತಾನೇ ಇದೀನಿ ಅಂದ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತೆ, ಕೊಡ ಪೂರ್ತಿ ಖಾಲಿ ಮಾಡಿದೀನಿ, ಆದ್ರೂ ಗಂಟಲು ಹಸಿಯಾಗಲ್ಲ ಅಂದ. ಮಾತ್ರೆ ಕೆಲಸ ಮಾಡ್ತಾ ಇದೆ ಅಂತ ಅರ್ಥ, ಅದು ಹಾಗೇ ಅಂತ ಹೇಳಿದೆ. ಅವನಿಗೆ ಬೇಕಾಗಿದ್ದದ್ದು ಆ ಉತ್ತರ ಆಗಿರಲಿಲ್ಲ.

"ಮೇಡಂ, ಅವಳು ಇದನ್ನ ಇಟ್ಕೊಂಡು ದಿನಾ ಶಾಲೆಗೆ ಹೋಗಿ ಮಕ್ಕಳ ಮುಂದೆ ನಿಂತಿದ್ಲಾ? ನಾನು ಕೇಳಿದಾಗೆಲ್ಲ ಏನಿಲ್ಲ ಭಾಯಿ ಅಂತಿದ್ಲಲ್ರಿ."

ಅಂಗಡಿಯಲ್ಲಿ ಗಿರಾಕಿ ಯಾರೋ ಕರೆಯುತ್ತಿದ್ದರು, ಅವನು ಅಳುತ್ತಿದ್ದ. ನನ್ನ ತಟ್ಟೆಯ ಅನ್ನ ಹಾಗೇ ಇತ್ತು. ಇಷ್ಟು ವರ್ಷ ಬಾಯಿ ಜೋರು ಅನ್ನಿಸಿಕೊಂಡ ನನಗೆ ಒಂದೇ ಮಾತು ಸಿಕ್ಕಿದ್ದು.

"ನೀರು ಕುಡಿಯಪ್ಪ," ಅಂದೆ. "ಅಳಬ್ಯಾಡ, ನೀರು ಕುಡಿ."